ಬೆಳಿಗ್ಗೆ ಏನು ತಿಂದೆ, ತಾಯಿ?

ಬೆನ್ನಿಗೆ ಮದ್ದು ಚುಚ್ಚಿದೊಡನೆ ಗೌರಮ್ಮನ ಬಿ.ಪಿ. ಕುಸಿಯಬಹುದಿತ್ತು. ಮದ್ದು ಮೇಲೇರಿ ಉಸಿರು ಕಟ್ಟಬಹುದಿತ್ತು. ಕರೆಂಟು ಹೋಗಿ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಗಬಹುದಿತ್ತು. ಆಕ್ಸಿಜನ್ ಸಿಲಿಂಡರಿನ ಮುಳ್ಳು ಸುಳ್ಳು ಹೇಳಬಹುದಿತ್ತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿ, ಅವಳ ಅತ್ತೆ ನನ್ನ ಕಾಲರ್ ಹಿಡಿಯಬಹುದಿತ್ತು. ತುಮಕೂರಿನಿಂದ ಕುಣಿಗಲ್ಲಿಗೆ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಇಷ್ಟನ್ನೂ ಊಹಿಸಿ ಮುಗಿಸುವುದು ನನ್ನ ಅಭ್ಯಾಸ. ನಾನು ಅನಸ್ತೇಷಿಯಾ ಡಾಕ್ಟರು, ಅಂದರೆ ಮಂಪರು ಕೊಡುವವನು. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಬೇರೆ ಇದ್ದಂತಿಲ್ಲ.

ಸಂಬಳ ಎಂದೆ. ತೊಂಬತ್ತರ ದಶಕದಲ್ಲಿ ಗುಬ್ಬಿಯ ಸರ್ಕಾರಿ ಆಸ್ಪತ್ರೆಯಲ್ಲಿದ್ದಾಗ ಸಂಬಳವಿತ್ತು. ನಮ್ಮಲ್ಲೊಂದು ನಿಯಮವಿದೆ: ಆಪರೇಷನ್ನಿಗೆ ಮುಂಚೆ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ವಾಂತಿಯಾಗಿ ತಿಂದದ್ದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಸಂಚಕಾರ. ಸಂಬಳದ ದಿನಗಳಲ್ಲಿ ಅರ್ಧ ಲೋಟ ಕಾಫಿ ಕುಡಿದವರೂ ನನಗೆ ತುಂಬಿದ ಹೊಟ್ಟೆಯವರೇ. 'ನಾಳೆ ನೋಡೋಣ' ಎನ್ನುತ್ತಿದ್ದೆ. ಕೆಲಸ ಬಿಟ್ಟು, ಕೇಸಿಗಿಷ್ಟು ಎಂದು ನರ್ಸಿಂಗ್ ಹೋಮುಗಳಿಗೆ ಅಲೆಯತೊಡಗಿದ ಮೇಲೆ ಜನ ತಿನ್ನುವ ಇಡ್ಲಿಗಳೇ ಚಿಕ್ಕವಾದವು. ಕೇಸು ಮುಂದೆ ಹೋದರೆ ನನಗೆ ಪೆಟ್ರೋಲೂ ಗಿಟ್ಟುತ್ತಿರಲಿಲ್ಲ.

೨೦೦೫ರಲ್ಲಿ, ಸಹಕಾರ ಸಂಘದ ಸದಸ್ಯರಿಗೆಂದು ಬಂದಿದ್ದ ಒಂದು ಆರೋಗ್ಯ ಯೋಜನೆ ನಮ್ಮ ಕಡೆ ಚೆನ್ನಾಗಿ ಬೇರೂರಿತ್ತು. ಕಾರ್ಡಿದ್ದರೆ ಆಪರೇಷನ್ ಖರ್ಚು ಯೋಜನೆಯದು. ಡ್ರಿಪ್ಪು, ಮಾತ್ರೆಯಲ್ಲಿ ವಾಸಿಯಾದರೆ ಖರ್ಚು ರೋಗಿಯದು. ಕುಣಿಗಲ್ಲಿನ ಸರ್ಜನ್ ಮಹದೇವಯ್ಯನವರು ಕಾಲೇಜಿನಲ್ಲಿ ನನ್ನ ಸೀನಿಯರ್. ಆ ವಾರ ಅವರಲ್ಲಿ ನಾಲ್ಕನೆಯ ಅಪೆಂಡಿಕ್ಸ್ ಕೇಸಾಗಿ ಬಂದವಳು ಯಡಿಯೂರು ಕಡೆಯ ಗೌರಮ್ಮ. ಮೊದಲ ಮೂರಕ್ಕೆ ನಾನೇ ಮಂಪರು ಕೊಟ್ಟಿದ್ದೆ. ನಾಲ್ಕನೆಯದಕ್ಕೆ, ಇದು ರೋಗಕ್ಕೋ ಕಾರ್ಡಿಗೋ ಎಂದು ನನಗೆ ಅನುಮಾನ ಹುಟ್ಟಿತು.

ಹೊಟ್ಟೆ ಮುಟ್ಟಿ ನೋಡಿದೆ. ನೋವಿತ್ತು, ಆದರೆ ಜ್ವರವಿಲ್ಲ. ಸರ್ಜನ್ನಿಗೆ 'ಇದು ಬೇಡ' ಎನ್ನುವ ಅಧಿಕಾರ ನನಗಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದೇ ಪ್ರಶ್ನೆ.

"ಬೆಳಿಗ್ಗೆ ಏನು ತಿಂದೆ, ತಾಯಿ?"

"ಬಸ್ ಸ್ಟ್ಯಾಂಡಲ್ಲಿ ಟೀ ಕುಡುದೆ ಸಾ. ಒಂದು ಬನ್ನು."

"ಸಾರ್, ಹೊಟ್ಟೆ ತುಂಬಿದೆ. ಮಧ್ಯಾಹ್ನ ಎರಡಕ್ಕೆ ನೋಡೋಣ," ಎಂದೆ ಸರ್ಜನ್ನಿಗೆ.

ಮಹದೇವಯ್ಯ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನಯ್ಯಾ, ಮೊನ್ನೆ ಎರಡು ದೋಸೆ ಹೊಡ್ಕೊಂಡು ಬಂದೋನಿಗೆ ಸೂಜಿ ಚುಚ್ದೆ. ಇವಳ ಬನ್ನು ಮಾತ್ರ ಕಲ್ಲಾಯ್ತೇನು? ಅನುಮಾನ ನನ್ ಮೇಲಾ?"

ನಾನು ಕೇಸ್ ಶೀಟಿನಲ್ಲಿ 'ಎರಡು ಗಂಟೆ' ಎಂದು ಬರೆದೆ. ಆ ಎರಡು ದೋಸೆಯವನು ನಗದು ಕೇಸು. ಯೋಜನೆಯ ಕೇಸುಗಳಲ್ಲಿ ನನ್ನ ಪಾಲು ಕೈಸೇರಲು ತಿಂಗಳುಗಟ್ಟಲೆ ಆಗುತ್ತಿತ್ತು. ನನ್ನ ಆತ್ಮಸಾಕ್ಷಿ ಎಚ್ಚರಾಗಲು ಉದ್ರಿ ಕೇಸನ್ನೇ ಹುಡುಕಿಕೊಂಡಿತೇ?

ಹೊರಗೆ ಅತ್ತೆ ಜೋರು ಮಾಡಿದಳು. "ಕುಯ್ದುಬುಡಿ ಸಾ! ಕುಯ್ದ್ರೆ ಕಾರ್ಡು, ಕುಯ್ದೆ ಇದ್ರೆ ನಮ್ ಕಾಸು. ಬನ್ ತಿಂದಿದ್ದೇ ತಪ್ಪಾಗೋಯ್ತಾ?"

ಅರ್ಧ ಗಂಟೆಗೊಮ್ಮೆ ಹೋಗಿ ಗೌರಮ್ಮನ ನಾಡಿ ಹಿಡಿದೆ. ಎಂಬತ್ತನಾಲ್ಕು, ಎಂಬತ್ತೆಂಟು, ಮತ್ತೆ ಎಂಬತ್ತೆರಡು. ಅಷ್ಟು ಹೊತ್ತೂ ನನ್ನ ನಾಡಿ ಅವಳದಕ್ಕಿಂತ ಮೇಲಿತ್ತು. ಎರಡು ಗಂಟೆಗೆ ಅವಳೇ ಎದ್ದು ಕುಳಿತು, "ಹೊಟ್ಟೆ ಹಸೀತದೆ ಸಾ," ಎಂದಳು. ಮಹದೇವಯ್ಯ ಹೊಟ್ಟೆ ಒತ್ತಿ ನೋಡಿದರು. ಎರಡು ಸಲ ಒತ್ತಿದರು. ಮಾತ್ರೆ ಬರೆದುಕೊಟ್ಟು ಕಳಿಸುವಾಗ ನನಗೊಂದೇ ಮಾತು ಹೇಳಿದರು: "ಇವಳು ವಾಪಸ್ ಬಂದ್ರೆ ನೀನೇ ಬರ್ಬೇಕು ಕಣಯ್ಯಾ."

ಎಂಟು ತಿಂಗಳಿಗೆ ವಾಪಸ್ ಬಂದಳು. ಈ ಸಲ ಜ್ವರ, ವಾಂತಿ, ಬಲಗಡೆ ಬಿಗಿದುಕೊಂಡ ಹೊಟ್ಟೆ, ಯಾರಿಗೂ ಅನುಮಾನವಿಲ್ಲ. ಹಾಗಾದರೆ ಮೊದಲ ಸಲ ಮಹದೇವಯ್ಯನವರೇ ಸರಿಯಿದ್ದರೋ? ಇಂದಿಗೂ ಹೇಳಲಾರೆ. ಕುಯ್ಯದ ಹೊಟ್ಟೆಯೊಳಗೆ ಏನಿತ್ತೆಂದು ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ನಮ್ಮ ಅನುಕೂಲಕ್ಕೂ ಅದೇ ಆಸರೆ.

ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ನಿಜವಾಗಿಯೂ ಉತ್ತರ ಬೇಕಿತ್ತು.

"ಏನೂ ಇಲ್ಲ ಸಾ. ನೀರೂ ಕುಡುದಿಲ್ಲ."

ಬಿ.ಪಿ. ಕುಸಿಯಲಿಲ್ಲ. ಉಸಿರು ಕಟ್ಟಲಿಲ್ಲ. ಕರೆಂಟು ಹೋಗಲಿಲ್ಲ. ಅಪೆಂಡಿಕ್ಸ್ ಒಡೆಯುವ ಮೊದಲೇ ಹೊರಬಂತು. ನಡುವೆ ಒಮ್ಮೆ ಗೌರಮ್ಮ ಓಕರಿಸಿದಳು. ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಹೀರುವ ಸಕ್ಷನ್ ನಳಿಗೆ ಹಾಕಿ ಬಾಯಿ ಚೊಕ್ಕ ಮಾಡಿದೆ. ನಳಿಗೆಯಲ್ಲಿ ಬಂದದ್ದು ಇಡ್ಲಿಯ ಚೂರು. ಬೆನ್ನಿಗೆ ಕೊಟ್ಟ ಮದ್ದಾದ್ದರಿಂದ ಅವಳಿಗೆ ಎಚ್ಚರವಿತ್ತು, ಬದುಕಿಕೊಂಡಳು, ನಾನೂ ಬದುಕಿಕೊಂಡೆ.

"ತಿಂದಿದೀನಿ ಅಂತ ಯಾಕಮ್ಮಾ ಹೇಳ್ಲಿಲ್ಲ?" ಎಂದೆ.

"ನಮ್ಮತ್ತೆ ಹೇಳ್ಕೊಟ್ಟಿದ್ರು ಸಾ," ಎಂದಳು, ಕಣ್ಣು ಮುಚ್ಚಿಕೊಂಡೇ. "ತಿಂದಿವ್ನಿ ಅಂದ್ರೆ ಈ ಡಾಕ್ಟ್ರು ಆಪರೇಷನ್ ಮಾಡಕ್ಕೆ ಬುಡಲ್ಲ ಅಂತ."

ಅಂದಿನಿಂದ ಆ ಪ್ರಶ್ನೆಯನ್ನು ಉತ್ತರಕ್ಕಾಗಿಯಷ್ಟೇ ಕೇಳುತ್ತೇನೆ. ಬೇರೆ ಅನುಮಾನವಿದ್ದರೆ ಅದನ್ನು ಅನುಮಾನವೆಂದೇ ಸರ್ಜನ್ನಿಗೆ ಹೇಳುತ್ತೇನೆ. ಇದರಿಂದ ಎರಡು ನರ್ಸಿಂಗ್ ಹೋಮು ನನ್ನನ್ನು ಕೈಬಿಟ್ಟವು. ನಾನು ಹೆದರಿ ಪಟ್ಟಿ ಮಾಡಿಕೊಂಡಿದ್ದರಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಪಟ್ಟಿಯಲ್ಲೇ ಇರದ ಒಂದು ಇಡ್ಲಿ. ಅದನ್ನು ಬಚ್ಚಿಡಲು ಕಲಿಸಿದವನು ನಾನೇ.