ಚಿಕ್ಕಮ್ಮ ಎದ್ದು ಬರದ ಮಧ್ಯಾಹ್ನ

ನನ್ನ ಚಿಕ್ಕಮ್ಮ ಟಿವಿ ಗೇಮ್ ಆಡುತ್ತಿದ್ದಳು ಅಂದರೆ ನಮ್ಮ ನೆಂಟರು ಇವತ್ತಿಗೂ ನಗುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರಾದರೂ ಆ ಮಾತು ತೆಗೆದರೆ ಸಾಕು, ಎಲ್ಲರ ಜೊತೆ ಚಿಕ್ಕಮ್ಮನೂ ನಗುತ್ತಾಳೆ. ನನಗೆ ಮಾತ್ರ ನಗು ಬರುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ನಂಜನಗೂಡಿನಲ್ಲಿ. ಅಮ್ಮನ ತಂಗಿಯನ್ನು ತಿ. ನರಸೀಪುರಕ್ಕೆ ಕೊಟ್ಟಿದ್ದರು. ಚಿಕ್ಕಪ್ಪ ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದರು. ಬೇಸಿಗೆ ರಜ ಬಂತೆಂದರೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಅವರಿಗೆ ಒಬ್ಬನೇ ಮಗ, ನನಗಿಂತ ಸ್ವಲ್ಪ ಚಿಕ್ಕವನು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ಆ ವರ್ಷ ಚಿಕ್ಕಪ್ಪ ಅವನಿಗೆ ಮೈಸೂರಿನಿಂದ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಡಬ್ಬಿಯೊಂದನ್ನು ತಂದುಕೊಟ್ಟಿದ್ದರು. ಜೊತೆಗೆ ಒಂದು ಹಳದಿ ಕ್ಯಾಸೆಟ್ಟು. ಅದರಲ್ಲಿ ಕತ್ತಿ ಹಿಡಿದ ಪುಟ್ಟ ಯೋಧನೊಬ್ಬ ಗುಹೆ, ಹಿಮದ ಬೆಟ್ಟ, ಕೋಟೆಗಳನ್ನೆಲ್ಲ ದಾಟಿ, ಕೊನೆಗೆ ಬೆಂಕಿ ಉಗುಳುವ ಹಾವನ್ನು ಕೊಲ್ಲಬೇಕಿತ್ತು.

ಅವನು ಬೆಳಗಿನಿಂದ ಅದರ ಮುಂದೆ ಕೂತರೆ ಏಳುತ್ತಿರಲಿಲ್ಲ. ಕೈ ಎರಡೂ ಆಟಕ್ಕೇ ಬೇಕು ಅಂತ ಚಿಕ್ಕಮ್ಮನೇ ಪಕ್ಕದಲ್ಲಿ ಕೂತು ಅವನ ಬಾಯಿಗೆ ತುತ್ತಿಡುತ್ತಿದ್ದಳು. ಅವಳು ಆಟ ಕಲಿತದ್ದು ಹಾಗೆ. ಅನ್ನ ಕಲಸುತ್ತಾ, ಮಗನ ಬೆರಳು ನೋಡುತ್ತಾ, ಯಾವ ಗೂಡಿನಿಂದ ಬಾವಲಿ ಹಾರುತ್ತದೆ, ಯಾವ ಕಲ್ಲು ಕುಸಿಯುತ್ತದೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಮಗ ಗೆಳೆಯರ ಜೊತೆ ಹೊಳೆಗೆ ಈಜಲು ಹೋದಾಗ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು.

ಮೊದಮೊದಲು ಅವಳ ಯೋಧ ಬರೀ ಹಳ್ಳಕ್ಕೆ ಬೀಳುತ್ತಿದ್ದ. ಆಮೇಲೆ ಬೀಳುವುದು ನಿಂತಿತು. ಮಗ ದಾಟಲಾರದೆ ಅಳುತ್ತಿದ್ದ ಹಿಮದ ಬೆಟ್ಟವನ್ನು ಅವಳು ತುಟಿ ಬಿಗಿಹಿಡಿದು ದಾಟಿದಳು. ಆದರೆ ಅವಳಿಗೆ ಒಂದೇ ಸಮ ಆಡಲು ಬಿಟ್ಟವರು ಯಾರು? ಹಾಲಿನವನು ಕೂಗುತ್ತಿದ್ದ. ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದರು. ಅಂಗಡಿಯಿಂದ ಫೋನು ಬರುತ್ತಿತ್ತು. ಪ್ರತಿ ಸಲವೂ ಆಟ ನಿಲ್ಲಿಸುವ ಗುಂಡಿ ಒತ್ತಿ ಎದ್ದು ಹೋಗುವಳು, ಮತ್ತೆ ಬಂದು ಕೂರುವಳು. ಆಡಿದ್ದನ್ನು ಉಳಿಸಿಡುವ ಏರ್ಪಾಡು ಆ ಡಬ್ಬಿಯಲ್ಲಿ ಇರಲಿಲ್ಲ. ಸ್ವಿಚ್ ಆರಿಸಿದರೆ ಮತ್ತೆ ಮೊದಲನೇ ಗುಹೆಯಿಂದಲೇ ಶುರು.

ಒಂದು ದಿನ ಕೋಟೆಯ ಕೊನೆಯ ಬಾಗಿಲ ತನಕ ಹೋಗಿದ್ದಳು. ಅಷ್ಟರಲ್ಲಿ ಚಿಕ್ಕಪ್ಪ ಚಿಕ್ಕಯ್ಯನಛತ್ರದ ಕಡೆಯ ಗಿರಾಕಿಯೊಬ್ಬರನ್ನು ಊಟಕ್ಕೆ ಕರೆತಂದರು. ಚಿಕ್ಕಮ್ಮ ಆಟ ನಿಲ್ಲಿಸಿ ಅಡಿಗೆ ಮನೆಗೆ ಓಡಿದಳು. ಚಿಕ್ಕಪ್ಪ ಟಿವಿ ಕಡೆ ನೋಡಿ, ಕ್ರಿಕೆಟ್ ಬರುತ್ತಿರಬೇಕು ಅಂದುಕೊಂಡು ಡಬ್ಬಿಯ ಸ್ವಿಚ್ ಆರಿಸಿದರು. ಮುದ್ದೆಯ ತಟ್ಟೆ ಹಿಡಿದು ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತಳು.

"ರೀ, ಅದು..."

"ಏನು?"

"ಏನಿಲ್ಲ."

ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ಅದು ಚಿಕ್ಕಮ್ಮಂದು! ಕೊನೇ ಬಾಗ್ಲು ತಂಕ ಬಂದಿತ್ತು!"

ಚಿಕ್ಕಪ್ಪ ಗಿರಾಕಿಯ ಕಡೆ ತಿರುಗಿ ನಕ್ಕರು. "ಇವ್ಳೇನ್ ಆಡ್ತಾಳೆ ಕಣ್ರೀ, ಟೈಂಪಾಸು. ಆಡೋನು ನನ್ ಮಗ. ಅವ್ನು ಕೂತ ಅಂದ್ರೆ ಮನೆಗೆ ಬೆಂಕಿ ಬಿದ್ರೂ ಏಳಕಿಲ್ಲ."

ಮಗ ಏಳದಿರುವುದು ಅವರಿಗೆ ಹೆಮ್ಮೆ. ಅವನು ಏಳದೆ ಇರಲಿ ಅಂತ ಎದ್ದೆದ್ದು ಓಡಾಡುತ್ತಿದ್ದವಳ ಆಟ ಟೈಂಪಾಸು. ನಾನಾಗ ಹೈಸ್ಕೂಲು ಹುಡುಗಿ. ಈ ಲೆಕ್ಕ ಬಿಡಿಸಿ ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ. ಮೈಯೆಲ್ಲ ಉರಿಯಿತು, ಅಷ್ಟೆ.

ಮಾರನೆಯ ದಿನ ಚಿಕ್ಕಮ್ಮ ಮಗನನ್ನು ಹೊಳೆಗೆ ಕಳಿಸಿದಳು. ಮುಂಬಾಗಿಲು ಹಾಕಿ ಚಿಲಕ ಸೇರಿಸಿದಳು. ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಟ್ಟಳು. ಒಲೆ ಹಚ್ಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. "ಮಗ, ಕರೆಂಟ್ ಓಗ್ದಿರ್ಲಿ ಅಂತ ಬೇಡ್ಕೊ," ಅಂತ ನನಗೆ ಹೇಳಿದಳು. ನಾನು ನಿಜವಾಗಿಯೂ ಬೇಡಿಕೊಂಡೆ.

ಅವಳು ಕೋಟೆ ಹೊಕ್ಕ ಹೊತ್ತಿಗೆ ಚಿಕ್ಕಪ್ಪ ಊಟಕ್ಕೆ ಬಂದರು. ಮೊದಲು ಮೆಲ್ಲಗೆ ಬಡಿದರು. ಆಮೇಲೆ ಜೋರಾಗಿ.

"ಲೇ, ಬಾಗ್ಲು ತಗಿ! ಏನಾಯ್ತೇ ಒಳ್ಗೆ?"

ನಾನು ಎದ್ದೆ. ಚಿಕ್ಕಮ್ಮ ಕಣ್ಣು ಕದಲಿಸದೆ, "ಕೂತ್ಕೊ," ಅಂದಳು. ಅವಳಿಂದ ಅಂಥ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಬಳಿಕ ಹೊರಗೆ ಕೇಳಿಸುವಂತೆ ಕೂಗಿದಳು: "ಬತ್ತೀನಿ ಇರಿ!"

ಎಷ್ಟು ಹೊತ್ತಾದರೂ ಬಾಗಿಲು ತೆರೆಯದ್ದಕ್ಕೆ ಅಕ್ಕಪಕ್ಕದವರು ಸೇರಿದರು. ಯಾರೋ ಹೆಂಗಸು, "ಒಳ್ಗೇನಾರ ಮಾಡ್ಕೊಂಡವ್ಳಾ?" ಅಂತ ಗಾಬರಿಯಾದಳು. ಚಿಕ್ಕಪ್ಪ ಕಿಟಕಿಗೆ ಬಂದು ಇಣುಕಿದರು. ಹೆಂಡತಿ ಜೀವಂತವಾಗಿ ಕೂತು ಆಟ ಆಡುತ್ತಿರುವುದು ಕಂಡಿತು. ಆ ಮುಖ ನನಗೆ ಮರೆಯುವುದಿಲ್ಲ. ಸತ್ತಿದ್ದರೆ ಅಷ್ಟು ಸಿಟ್ಟಾಗುತ್ತಿರಲಿಲ್ಲವೇನೋ. "ಮಾನ ಮರ್ಯಾದೆ ಅದ್ಯೇನೇ ನಿಂಗೆ? ಗಂಡ ಬೀದೀಲಿ ನಿಂತವ್ನೆ!" ಕಿಟಕಿಯ ಸರಳು ಹಿಡಿದು ಅಲ್ಲಾಡಿಸಿದರು. ಚಿಕ್ಕಮ್ಮನ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಲು ಕೈ ಬಿಡುವಿಲ್ಲ. ನಾನೇ ಎದ್ದು ಅವಳ ಸೆರಗಿನಿಂದ ಒರೆಸಿದೆ.

ಹಾವು ಸತ್ತಿತು. ಪರದೆಯ ಮೇಲೆ ಹೂವು ಉದುರಿದವು, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತೆ ಓದು."

"ನೀನೇ ಗೆದ್ದೆ ಅಂತ, ಚಿಕ್ಕಮ್ಮ."

ಅವಳು ಎದ್ದು ಹೋಗಿ ಚಿಲಕ ತೆಗೆದಳು.

ಚಿಕ್ಕಪ್ಪ ಹೊಡೆಯಲಿಲ್ಲ. ಒಂದು ಮಾತೂ ಆಡದೆ ವೈರುಗಳನ್ನು ಕಿತ್ತು, ಡಬ್ಬಿಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋದರು. ಹೆಡತಲೆ ಊರಿನ ಯಾರೋ ಗಿರಾಕಿಯ ಮಕ್ಕಳಿಗೆ ಕೊಟ್ಟುಬಿಟ್ಟರಂತೆ. ಸಂಜೆ ಮಗ ನೆಲಕ್ಕೆ ಬಿದ್ದು ಅತ್ತ. ಆದರೆ ಗೆಳೆಯರು ಕೇಳಿದಾಗ ಜಗಲಿಯ ಮೇಲೆ ನಿಂತು, "ನಾನು ಪೂರ್ತಿ ಮುಗ್ಸ್ಬುಟ್ಟೆ ಕಣ್ಲಾ, ಅದ್ಕೇ ಅಪ್ಪ ಕೊಟ್ಬುಟ್ರು," ಅಂದ. ಚಿಕ್ಕಪ್ಪನೂ ಅದನ್ನೇ ಊರಿಗೆಲ್ಲ ಹೇಳಿದರು. ಬೀದಿಯಲ್ಲಿ ಕಾದು ನಿಂತ ಗಂಡ ಎನ್ನಿಸಿಕೊಳ್ಳುವುದಕ್ಕಿಂತ ಜಾಣ ಮಗನ ಅಪ್ಪ ಎನ್ನಿಸಿಕೊಳ್ಳುವುದು ಸುಲಭ.

ಎರಡು ಸಾವಿರದ ಇಸವಿಯ ಆಚೆ ಅದೇ ಹುಡುಗ ಡಿಪ್ಲೊಮಾ ಮುಗಿಸಿ ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಗೇಮ್ ಅಂಗಡಿ ತೆರೆದ. ನಾನಾಗ ಅದೇ ಊರಿನಲ್ಲಿ ಟೀಚರ್. ಒಂದು ಭಾನುವಾರ ಚಿಕ್ಕಮ್ಮ ಅಂಗಡಿಗೆ ಬಂದಿದ್ದಾಳೆಂದು ತಿಳಿದು ನೋಡಲು ಹೋದೆ. ಹಿಂದಿನ ಸಾಲಿನಲ್ಲಿ ಹೊಸ ಕಂಪ್ಯೂಟರು, ಮೆತ್ತನೆ ಕುರ್ಚಿ. ಮುಂದೆ ಹಳೆಯವು, ಪ್ಲಾಸ್ಟಿಕ್ ಸ್ಟೂಲು. ಯಾಕೆ ಹೀಗೆ ಅಂದೆ.

"ಹಿಂದ್ಲ ಸಾಲು ಹಾರ್ಡ್‌ಕೋರ್ ಗೇಮರ್‌ಗಳಿಗೆ ಅಕ್ಕ. ಅವ್ರು ಕೂತ್ರೆ ಮುಗ್ಸೇ ಏಳೋದು. ಮುಂದ್ಲೋರು ಕ್ಯಾಶುಯಲ್. ಒಂಚೂರು ಆಡ್ತಾರೆ, ಯಾರೋ ಕರೀತಾರೆ, ಎದ್ದೋಯ್ತಾರೆ." ಬೆಂಚಿನ ಮೇಲೆ ಮೊಬೈಲಿನಲ್ಲಿ ಏನೋ ಒತ್ತುತ್ತಾ ಕೂತಿದ್ದ ತಾಯಿಯ ಕಡೆ ಕೈ ತೋರಿಸಿದ. "ನಮ್ಮಮ್ಮನ್ ಥರ."

ಹಿಂದಿನ ಸಾಲಿನ ಹುಡುಗರು ನಕ್ಕರು. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಯಾರೋ ಕರೀತಾರೆ ಅಂದ್ಯಲ್ಲ, ಕರೀತಿದ್ದೋನು ನೀನೇ ಕಣೋ! ಅವ್ಳು ತುತ್ತಿಟ್ಟಿದ್ದಕ್ಕೆ ನೀನು ಕೂತಿದ್ದೆ. ಒಂದೇ ಒಂದಿನ ಅವ್ಳು ಕೂತಿದ್ದಕ್ಕೆ ಆ ಡಬ್ಬೀನೇ ಮನೆ ಬಿಟ್ಟು ಹೋಯ್ತು. ಆ ಗೇಮ್ ಮುಗಿಸಿದ್ದು ಅವ್ಳು. ನಾನು ಪಕ್ಕದಲ್ಲಿದ್ದೆ!"

ಅವನು ನಿಜವಾಗಿಯೂ ಕಕ್ಕಾಬಿಕ್ಕಿಯಾದ. "ಏನಕ್ಕ, ಅದನ್ನ ಮುಗ್ಸಿದ್ದು ನಾನಲ್ವಾ?" ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಡುಗನಾಗಿದ್ದಾಗ ತಾನೇ ಹೇಳಿದ್ದನ್ನು ಅಪ್ಪನ ಬಾಯಲ್ಲಿ ಕೇಳಿ ಕೇಳಿ ಅದು ಅವನಿಗೆ ನೆನಪೇ ಆಗಿಹೋಗಿತ್ತು.

"ಹೇಳು ಚಿಕ್ಕಮ್ಮ," ಅಂದೆ.

"ಯಾರ್ ಮುಗ್ಸುದ್ರೇನು, ಬುಡು ಮಗ. ಅಂಗ್ಡೀಲಿ ಗಿರಾಕಿಗಳವ್ರೆ."

ನನ್ನ ಸಿಟ್ಟು ಅವಳ ಕಡೆಗೇ ತಿರುಗಿತು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ದಾರಿಯುದ್ದಕ್ಕೂ ಬೈದೆ. ಯಾಕೆ ಬಾಯಿ ಮುಚ್ಚಿಕೊಂಡೆ, ನಿನ್ನಂಥವರಿಂದಲೇ ಇವರೆಲ್ಲ ಹೀಗಾಗಿದ್ದು ಅಂದೆ. ಅವಳು ನಿಂತು ನನ್ನ ಮುಖ ನೋಡಿದಳು.

"ನೀನು ರಜ ಮುಗ್ಸ್ಕೊಂಡು ಊರ್ಗೋದೆ. ನಿಮ್ ಚಿಕ್ಕಪ್ಪ ದೀಪಾವಳಿ ತಂಕ ನನ್ನ ಮಾತಾಡಿಸ್ಲಿಲ್ಲ. ಬೇಕಾದ್ದನ್ನ ಮಗನ್ ಕೈಲಿ ಹೇಳ್ಸೋರು. ಒಂದೇ ಮನೇಲಿ ಹಂಗಿದ್ದು ನೋಡು ನೀನು, ಆಮೇಲೆ ನಂಗೆ ಬಯ್ಯಿ."

ನನಗೆ ಇದು ಗೊತ್ತೇ ಇರಲಿಲ್ಲ. ನರಸೀಪುರದ ಬಸ್ಸು ಬಂತು, ಅವಳು ಹತ್ತಿಕೊಂಡಳು.

ಆ ವಾರ ಅವನು ಫೋನು ಮಾಡಿದ. "ಅಕ್ಕ, ಅಮ್ಮನ್ನ ಕೇಳ್ದೆ. ನಗ್ತಾಳೆ, ಏನೂ ಹೇಳಕಿಲ್ಲ. ನಿಜವಾ ಅದು?"

"ನಿಮ್ಮಪ್ಪನ್ನ ಕೇಳು. ಕಿಟಕೀಲಿ ನೋಡಿದ್ದು ಅವರೇ," ಅಂದೆ.

ಕೇಳಿದನೋ ಇಲ್ಲವೋ, ಅವನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ನನ್ನ ಎದುರಿಗಂತೂ ಅವನು ಆ ಆಟದ ಮಾತು ಮತ್ತೆ ಎತ್ತಿಲ್ಲ.