ಬೇಲಿಗೆ ಕಟ್ಟಿದ ಕೆಂಪು ಬಟ್ಟೆ

ನಿನ್ನೆ ಹಾನಗಲ್ಲಿನಿಂದ ಬರುವಾಗ ಬಸ್ಸಿನಲ್ಲಿ ಯಾರೋ ಬಾಣಂತಿ ಸ್ನಾನಕ್ಕೆಂದು ಲಕ್ಕಿ ಸೊಪ್ಪು ತಂದಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸುಮಂಗಲಕ್ಕ ನೆನಪಾದರು.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಅವರು ಸಂಶೋಧನೆಗೆಂದು ಹಿರೇಕೆರೂರಿನ ಕಡೆಯ ನಮ್ಮ ಊರಿಗೆ ಬಂದಿದ್ದರು. ನಮ್ಮ ಗುಡ್ಡದಲ್ಲಿ ಕವಳಿ ಹಣ್ಣಿನ ಮುಳ್ಳುಕಂಟಿಗಳಿವೆ, ಎದುರಿನ ಗುಡ್ಡದಲ್ಲಿಲ್ಲ. ನಡುವೆ ಬರೀ ಹೊಲ, ಹೊಲದ ಉದ್ದಕ್ಕೂ ಒಂದು ಲಕ್ಕಿ ಬೇಲಿ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತ ಹೋದರೆ, ಆ ಬೇಲಿ ಹಿಡಿದು ಕವಳಿ ಆಚೆ ದಾಟೀತೆ? ನಗಬೇಡಿ, ಆಗ ನನಗೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಪಿ.ಯು.ಸಿ. ಫೇಲಾಗಿ, ಗಿಡಗಳ ಹೆಸರು ಉರುಹೊಡೆದು, ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದವನು ನಾನು. ಅವರ ಹಿಂದೆಯೇ ಅಲೆದೆ.

"ಅಪ್ಪ ಒಂದ ವರ್ಷ ಕೊಟ್ಟಾನ ತಮ್ಮಾ. ಅಷ್ಟರಾಗ ನಮ್ಮ ಗೈಡ್ ಸರ್‌ಗೆ ಏನರ ತೋರಿಸಿದ್ರ ಓದು, ಇಲ್ಲಂದ್ರ ಲಗ್ನ," ಎನ್ನುತ್ತಿದ್ದರು.

ಮಳೆಗಾಲದಲ್ಲಿ ಬೇಲಿಯ ಬುಡದಲ್ಲಿ ಕವಳಿ ಸಸಿ ಕಂಡಲ್ಲೆಲ್ಲ ಗುರುತಿಗೆಂದು ಕೆಂಪು ಬಟ್ಟೆ ಕಟ್ಟಿದೆವು. ಅವರು ಧಾರವಾಡಕ್ಕೆ ಹೋದರು, ನಾನು ಜ್ವರ ಬಂದು ಮಲಗಿದೆ. ದೀಪಾವಳಿ ಮುಗಿಸಿ ಇಬ್ಬರೂ ಹೋಗಿ ನೋಡಿದರೆ ಬೇಲಿಯೆಲ್ಲ ಕೆಂಪು. ಹೊಲದೊಡತಿ ಫಕ್ಕೀರವ್ವ ಹಳೇ ಸೀರೆ ಹರಿದು ಇನ್ನೂ ಕಟ್ಟುತ್ತಿದ್ದಳು.

"ಏನ ಯವ್ವಾ ಇದು?" ಎಂದೆ.

"ಅಕ್ಕಾರು ಹರಕಿ ಕಟ್ಟಿದ್ರಲ್ಲೋ. ಸಾಲಿ ಕಲ್ತವ್ರು ಸುಮ್ಮನ ಕಟ್ತಾರೇನು? ಊರಾಗಿನ ಮಂದಿ ಎಲ್ಲಾ ಕಟ್ಟ್ಯಾರ. ಹರಕಿ ಕಟ್ಟಾಕ ಹುಲಗೂರಿಗೆ ಹೋಗೂ ಬಸ್ಸಿನ ತ್ರಾಸರ ತಪ್ಪಿತು."

ಬಂದವರ ಕಾಲಡಿ ಸಸಿಗಳೆಲ್ಲ ಮಣ್ಣುಪಾಲಾಗಿದ್ದವು. ಸುಮಂಗಲಕ್ಕ ನಕ್ಕರು. ನಗುತ್ತಲೇ ಬದುವಿನ ಮೇಲೆ ಕುಸಿದು ಕುಳಿತರು.

"ನೀವ್ ಏನ್ ಬೇಡ್ಕೊಂಡಿದ್ರಿ ಅಕ್ಕಾರ?"

"ಇನ್ನೊಂದು ವರ್ಷ ಯವ್ವಾ."

"ಆಕ್ಕೇತಿ ತಗೋರಿ," ಎಂದಳು ಫಕ್ಕೀರವ್ವ.

ಆಗಲಿಲ್ಲ. ಮುಂದಿನ ಮಳೆಗೆ ಮೊದಲೇ ಅವರನ್ನು ಸವಣೂರಿಗೆ ಕೊಟ್ಟರು. ಎಷ್ಟೋ ಸಲ ಸವಣೂರು ದಾಟಿ ಹೋಗಿದ್ದೇನೆ, ಇಳಿದಿಲ್ಲ. ಇಳಿದು ಏನೆಂದು ಕೇಳಲಿ? ಗಿಡದ ಪುಸ್ತಕಗಳನ್ನು ಓದುವುದು ಮಾತ್ರ ಬಿಟ್ಟಿಲ್ಲ. ಯಾವ ಹೊಸ ಹೆಸರು ಕಲಿತರೂ ಮೊದಲು ಅವರಿಗೇ ಹೇಳಬೇಕೆನಿಸುತ್ತದೆ.

ನಿನ್ನೆ ಮನೆಗೆ ಹೋಗದೆ ಬೇಲಿಯ ಹತ್ತಿರವೇ ಇಳಿದೆ. ಸುತ್ತಲಿನ ಬೇಲಿಗಳನ್ನೆಲ್ಲ ಕಡಿದು ತಂತಿ ಎಳೆದಿದ್ದಾರೆ. ಹರಕೆಯ ಬೇಲಿಗೆ ಯಾರೂ ಕೊಡಲಿ ಹಾಕಿಲ್ಲ. ಅದರ ಗುಂಟ ನಡೆದೆ. ಅಲ್ಲಲ್ಲಿ ಕವಳಿ. ಕೊನೆಗೆ ಎದುರಿನ ಗುಡ್ಡದ ಬುಡದಲ್ಲಿ ಎದೆಯೆತ್ತರದ ಒಂದು ಕಂಟಿ, ತುಂಬ ಕಾಯಿ.

ಒಂದು ಟೊಂಗೆ ಮುರಿದುಕೊಂಡು ರಸ್ತೆಗೆ ಬಂದು ನಿಂತೆ. ಹಿರೇಕೆರೂರಿನ ಬಸ್ಸು ಬಂತು, ಹೋಯಿತು. ನಾನು ಸವಣೂರಿನ ಕಡೆಯ ಬಸ್ಸಿಗೆ ಕೈ ಮಾಡಿದೆ.