ಒದ್ದೆ ಕೈಗೆ ಒಪ್ಪುವ ಹತ್ಯಾರು

ಆ ಭಾನುವಾರ ನನ್ನ ಗಂಡ ಕೊನೆಗೂ ಹಿತ್ತಲ ಬಾಗಿಲನ್ನು ಕಳಚಿದರು. ಮಳೆ ಹಿಡಿದಾಗಿನಿಂದ ಅದನ್ನು ಒದ್ದೇ ತೆರೆಯಬೇಕಾಗಿತ್ತು. ಅವರು ಲುಂಗಿ ಎತ್ತಿ ಕಟ್ಟಿಕೊಂಡು ಬಿಜಾಗರಿಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರೆ, ಬಾಗಿಲು ಮೈಮೇಲೆ ಬೀಳದಂತೆ ನಾನು ಹಿಡಿದು ನಿಂತಿದ್ದೆ.

"ಗಟ್ಟಿ ಹಿಡ್ಕೊ, ಬಿಡ್ಬೇಡ್ವೆ."

"ನಿಮ್ಮ ದೋಣಿ ನೀವೇ ಹಿಡ್ಕೊಳಿ. ನಂಗೆ ಅನ್ನ ಬಸಿಯೂದಿದೆ."

ಅದನ್ನು ದೋಣಿ ಎನ್ನಲು ಕಾರಣವಿತ್ತು. ಅವರು ಬೇಲೆಕೇರಿಯ ಮೀನುಗಾರರ ಮನೆಯವರು. ಕಾರವಾರದ ಕಚೇರಿಯೊಂದರಲ್ಲಿ ಅವರಿಗೆ ನೌಕರಿ ಸಿಕ್ಕಿ ನಾವು ಕೋಡಿಬಾಗದಲ್ಲಿ ಮನೆ ಮಾಡಿದರೂ, ಅವರ ಕೈ ದೋಣಿಯಲ್ಲೇ ಉಳಿದಿತ್ತು. ಮೇ ತಿಂಗಳ ರಜೆಯಲ್ಲಿ ಈ ಬಾಗಿಲನ್ನು ತಾವೇ ಮಾಡಿ ಕೂಡಿಸಿದ್ದರು. ದೋಣಿಯ ಹಲಗೆ ಜೋಡಿಸಿದ ಹಾಗೆ ಚೌಕಟ್ಟಿಗೆ ಬಿಗಿಯಾಗಿ ಕೂಡಿಸಿ, "ಒಂದು ಇರುವೆ ಒಳಗೆ ಬರೂಲ, ನೋಡು" ಎಂದು ಎದೆ ಉಬ್ಬಿಸಿದ್ದರು. ದೋಣಿಯ ಹಲಗೆ ನೀರು ಕುಡಿದು ಊದಿದರೆ ಒಳ್ಳೆಯದು, ಸಂದು ಮುಚ್ಚುತ್ತದೆ. ಬಾಗಿಲು ಊದಿದರೆ ಏನಾಗುತ್ತದೆ ಎಂಬುದು ಕಡಲಿನವರ ತಲೆಗೆ ಬರುವುದಿಲ್ಲ. ಜೂನ್ ಬಂತು, ಕಾಳಿ ನದಿಯ ಕಡೆಯಿಂದ ಗಾಳಿ ಮಳೆ ಬಡಿಯಿತು, ಬಾಗಿಲು ಚೌಕಟ್ಟಿನಲ್ಲಿ ಕಚ್ಚಿ ನಿಂತಿತು. "ಇರುವೆ ಹೋಗ್ಲಿ, ಈಗ ನಾನೇ ಹೊರಗೆ ಹೋಗೂಕಾಗೂಲ" ಎಂದು ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು, ಸ್ವಲ್ಪ ತಡವಾಗಿ.

ಕಳಚಿದ ಬಾಗಿಲನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದರು: "ನಾಳೆ ಆಫೀಸ್ ಬಿಟ್ಟು ಬರ್ಬೇಕಾರೆ ಅಂಚು ತೆಗೆಯೂಕೆ ಒಂದು ಹತ್ಯಾರ ತರ್ತೆ. ಒಂದು ಚಿಲಕಾನೂ ತರ್ತೆ. ಚಿಲಕ ಮಾತ್ರ ನಾನೇ ಆರಿಸೂದು." ಮಧ್ಯಾಹ್ನ ಬಂಗಡೆ ಹುರಿದಿದ್ದೆ. ಊಟ ಮಾಡಿ ಮಲಗಿದರು. ಸಂಜೆ ನದಿ ದಂಡೆಯವರೆಗೆ ಹೋಗಿ ಬಂದೆವು. ಅಷ್ಟೇ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೊರಟವರು ಎದೆ ಹಿಡಿದು ಕುಳಿತರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಅವರ ಹತ್ಯಾರುಗಳ ವಿಷಯ ಹೇಳಬೇಕು. ನನ್ನ ತವರು ಅಂಕೋಲೆ ಕಡೆಯ ಗದ್ದೆಯವರದು. ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಹತ್ಯಾರ, ಒಂದೊಂದಕ್ಕೆ ಗೋಡೆಯಲ್ಲಿ ಒಂದೊಂದು ಮೊಳೆ. ಸೊಪ್ಪು ಕೊಯ್ಯುವ ಕತ್ತಿಯಲ್ಲಿ ಕಾಯಿ ಕೆತ್ತಿದರೆ ಅವ್ವ ಬೈಯುತ್ತಿದ್ದಳು. ಅವರ ಮನೆಯ ರೂಢಿ ಇದಕ್ಕೆ ತಿರುಗಾಮುರುಗಾ. ದೋಣಿಯಲ್ಲಿ ಬಲೆಗೆ, ಮೀನಿಗೆ, ಮನುಷ್ಯರಿಗೇ ಜಾಗ ಸಾಲದು. ಹಾಗಾಗಿ ಮೂರು ಕೆಲಸಕ್ಕೆ ಬಾರದ ಹತ್ಯಾರವನ್ನು ದೋಣಿಗೆ ಹತ್ತಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ತೆಂಗಿನಕಾಯಿ ಕತ್ತಿಯಿಂದ ಅವರು ಬಣ್ಣದ ಡಬ್ಬಿ ತೆರೆದಿದ್ದರು. ಆ ದಿನ ನಾನು ಚಟ್ನಿ ಮಾಡಲಿಲ್ಲ. ಮರುದಿನವೇ ಪೇಟೆಗೆ ಕರೆದುಕೊಂಡು ಹೋದರು. "ನಡಿ, ನಿನ್ನ ಕತ್ತಿಗೆ ಬಿಡುಗಡೆ ಕೊಡ್ವ."

ಕಾರವಾರ ಪೇಟೆಯ ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ ಅವರು ಮೊದಲು ಕೇಳಿದ್ದು ನೀರು. ಬಾಯಾರಿಕೆ ಇರಬೇಕೆಂದು ಅಂಗಡಿಯವರು ಲೋಟ ಕೊಟ್ಟರೆ, ಇವರು ಆ ನೀರನ್ನು ಅಂಗೈಗೆ ಸುರಿದುಕೊಂಡು ಒಂದು ಸುತ್ತಿಗೆಯನ್ನು ಹಿಡಿದು ಬೀಸಿದರು. ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. "ಒಣ ಕೈಗೆ ಎಲ್ಲಾ ಹತ್ಯಾರಾನೂ ಚಲೋನೇ," ಎಂದರು ಇವರು. "ಒದ್ದೆ ಕೈಲಿ ಜಾರ್ದೆ ಇದ್ರೆ ಅದು ಹತ್ಯಾರ." ಬೆವರು, ಮಳೆ, ಉಪ್ಪುಗಾಳಿ ಇರುವ ನಮ್ಮ ಊರಲ್ಲಿ ಒಣ ಕೈ ಎಂಬುದು ಯಾರಿಗಿದೆ ಎಂದು ಆಮೇಲೆ ನನಗೂ ಅನ್ನಿಸಿತು.

ಹಾಗೆ ಒಂದೊಂದಾಗಿ ಪೆಟ್ಟಿಗೆ ತುಂಬಿತು. ಹಿಂಬದಿ ಸೀಳಿದ ಸುತ್ತಿಗೆ ಬಂತು: ಅದು ಮೊಳೆ ಹೊಡೆಯುತ್ತಿತ್ತು, ಕೀಳುತ್ತಿತ್ತು, ಹಳೆ ಹಲಗೆ ಎಬ್ಬಿಸುತ್ತಿತ್ತು. ಬಾಯಿ ಹಿಗ್ಗಿಸುವ ಪಾನಾ ಬಂದ ಮೇಲೆ ನಲ್ಲಿಗೂ ಸೈಕಲ್ಲಿಗೂ ಅದೊಂದೇ ಸಾಕಾಯಿತು. ತಂತಿ ಕತ್ತರಿಸಲೂ ಬರುವ ಇಕ್ಕಳ, ತುದಿ ಬದಲಿಸುವ ಸ್ಕ್ರೂಡ್ರೈವರ್, ಸಣ್ಣ ಗರಗಸ. ಪ್ರತಿಯೊಂದರ ಹಿಡಿಗೂ ಬಲೆಯ ಹಗ್ಗದ ಕುಣಿಕೆ ಕಟ್ಟಿದರು. ಏಣಿ ಹತ್ತುವಾಗ ಅದನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು. "ಕೆಳಗೆ ಸಮುದ್ರ ಇಲ್ಲ ಮಾರಾಯ್ರೆ, ನಾ ಇರೂದು" ಎಂದರೆ, "ಅದಕ್ಕೇ ಕಟ್ಟಿದ್ದು" ಎನ್ನುತ್ತಿದ್ದರು. ನಲ್ಲಿ ಸರಿಯಾದ ದಿನ, ಕಿಟಕಿ ಸರಿಯಾದ ದಿನ, ಪಾಯಸವಿಲ್ಲದಿದ್ದರೂ ಮನೆಯಲ್ಲಿ ಹಬ್ಬ. ಇಬ್ಬರೂ ಸರಿಯಾದ ವಸ್ತುವಿನ ಮುಂದೆ ನಿಂತು ಚಾ ಕುಡಿಯುತ್ತಿದ್ದೆವು.

ಅವರು ಹೋದ ಮೇಲೆ ಹಿತ್ತಲ ಬಾಗಿಲಿನ ಜಾಗಕ್ಕೆ ನೀಲಿ ತಾಡಪಾಲು ಕಟ್ಟಿದೆವು. ಯಾರ ಮನೆಯದೋ ಕೋಳಿಯೊಂದು ಅದರಡಿ ನುಗ್ಗಿ ಬಂದು ಅವರ ಹತ್ಯಾರು ಪೆಟ್ಟಿಗೆಯ ಪಕ್ಕ ಮೊಟ್ಟೆ ಇಡತೊಡಗಿತು. ಓಡಿಸಲು ಮನಸ್ಸಾಗಲಿಲ್ಲ. ಅಂಕೋಲೆಯಿಂದ ಬಂದ ನನ್ನ ಅಣ್ಣನಿಗೆ ಮಾತ್ರ ಇದನ್ನೆಲ್ಲ ನೋಡಲಾಗಲಿಲ್ಲ.

"ಒಬ್ಳೇ ಇರೂ ಮನೆ, ಹಿತ್ಲ ಬದಿ ತೆರ್ದು ಬಿದ್ದದೆ. ಬರೂ ಐತ್ವಾರ ಫೈಬರ್ ಬಾಗ್ಲ ತರ್ತೆ. ಆ ಮರದ ಬಾಗ್ಲ ಒಲೆಗಾರೂ ಆಗ್ತದೆ."

ಅವನು ಪ್ರೀತಿಯಿಂದಲೇ ಹೇಳಿದ. ಭಾನುವಾರದ ಒಳಗೆ ಆ ಬಾಗಿಲು ಅದರ ಜಾಗದಲ್ಲಿ ನಿಂತಿದ್ದರೆ ಮಾತ್ರ ಉಳಿಯುತ್ತದೆ ಎಂದು ಗೊತ್ತಾಯಿತು. ನನ್ನ ನಾದಿನಿಗೆ, ಎಂದರೆ ಅವರ ತಂಗಿಗೆ, ಫೋನ್ ಮಾಡಿದೆ. ಅವಳು ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಮಾತೂ ಕೈಯೂ ಚುರುಕು. ಮರುದಿನವೇ ಬಸ್ಸಿನಲ್ಲಿ ಬಂದಳು, ಜೊತೆಗೆ ಒಂದು ಚೀಲ ಒಣ ಸಿಗಡಿ. ಬಾಗಿಲನ್ನು ಒಮ್ಮೆ ಸವರಿ ನೋಡಿ, "ದಾದಾ ದೋಣಿ ಮಾಡಿಟ್ಟಾನೆ, ಹುಟ್ಟೊಂದು ಬಾಕಿ" ಎಂದಳು. ಅವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ.

ಪೆಟ್ಟಿಗೆಯಲ್ಲಿ ಅಂಚು ತೆಗೆಯುವ ಹತ್ಯಾರವೊಂದೇ ಇರಲಿಲ್ಲ. ಇಬ್ಬರೂ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ನನ್ನನ್ನು ನೋಡಿದರು. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟರು. ನಾನು ಸೆರಗು ಸಿಕ್ಕಿಸಿಕೊಂಡು ನೀರನ್ನು ಅಂಗೈಗೆ ಸುರಿದುಕೊಂಡೆ.

ಮೊದಲು ಥಳಥಳಿಸುವ ಒಂದು ಹತ್ಯಾರ ತೋರಿಸಿದರು. ಮಡಚಿದರೆ ಚಾಕು, ಬಿಚ್ಚಿದರೆ ಇಕ್ಕಳ, ಗರಗಸ, ಅರ, ಎಲ್ಲ ಒಂದರಲ್ಲೇ. ಮೂರಲ್ಲ, ಹತ್ತು ಕೆಲಸ. ಅವರ ಲೆಕ್ಕಕ್ಕೆ ಇದೇ ಸರಿ ಎಂದುಕೊಂಡು ಹಿಡಿದೆ. ಒದ್ದೆ ಕೈಯಿಂದ ಮೀನಿನಂತೆ ಜಾರಿ ಟಣ್ ಎಂದು ಬಿತ್ತು.

"ಇದು ಸಂಸಾರ ಮಾಡೂ ಹತ್ಯಾರ ಅಲ್ಲ ವೈನಿ," ಎಂದಳು ನಾದಿನಿ. "ಮೆರೂದು ಅಷ್ಟೇಯ."

ಅಂಗಡಿಯವರೂ ನಕ್ಕರು. ಆಮೇಲೆ ತೋರಿಸಿದ ಮರ ಹೆರೆಯುವ ರಂಧಾ ಚೆನ್ನಾಗಿತ್ತು, ಆದರೆ ಅದರ ಅಲಗನ್ನು ಹದ ಮಾಡುವುದು ನಮ್ಮಿಬ್ಬರಿಗೂ ಬಾರದು. ಕೊನೆಗೆ ಮೂಲೆಯಿಂದ ಒಂದು ಅರ ತೆಗೆದರು. ಗೇಣುದ್ದದ ಉಕ್ಕು, ಮೈತುಂಬ ಹಲ್ಲು, ತುದಿಗೊಂದು ಮರದ ಹಿಡಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಅರ್ಧ ಒರಟು, ಅರ್ಧ ನಯ. ಅಂಚು ತಗ್ಗಿಸಲೂ ಆಯಿತು, ಬಿಜಾಗರಿಯ ಗುಳಿ ಸರಿಮಾಡಲೂ ಆಯಿತು, ಕೊನೆಗೆ ನುಣುಪು ಮಾಡಲೂ ಆಯಿತು. ಒದ್ದೆ ಕೈಯಲ್ಲಿ ಹಿಡಿದೆ. ಜಾರಲಿಲ್ಲ. ನಾದಿನಿಯೂ ಕೈ ಒದ್ದೆ ಮಾಡಿಕೊಂಡು ಹಿಡಿದಳು. "ಆಯ್ತು, ಇದು ನಮ್ಮನೇದೆ."

"ಚಿಲಕ ತೋರಿಸ್ಲಾ?" ಎಂದು ಅಂಗಡಿಯವರು ಕೇಳಿದರು. ಇವತ್ತು ಬೇಡ ಎಂದೆ.

ಮನೆಗೆ ಬಂದು ಮೊದಲು ಅರದ ಹಿಡಿಗೆ ಹಗ್ಗದ ಕುಣಿಕೆ ಕಟ್ಟಿದೆವು. ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ ಸರದಿಯಲ್ಲಿ ಉಜ್ಜಿದೆವು. ಮರದ ಪುಡಿ ಹಾರಿ ನಮ್ಮ ತಲೆಗೂದಲು ಹಳದಿಯಾಯಿತು. ಕೋಳಿ ಗಲಾಟೆ ಮಾಡಿತು. ನಾದಿನಿ ಪೇಟೆಯ ಕತೆ ಹೇಳುತ್ತಿದ್ದಳು: ಯಾರು ದುಬಾರಿ ಸುರಮಯಿ ಮುಟ್ಟಿ ಮುಟ್ಟಿ ನೋಡಿ ಕೊನೆಗೆ ಅಗ್ಗದ ತಾರ್ಲಿ ಕೊಂಡರು, ಅವರಿಗೆ ತಾನು ಏನು ಹೇಳಿದ್ದು. ಎಷ್ಟು ತೆಗೆಯಬೇಕೆಂದು ತಿಳಿಯದೆ ನಿಂತಾಗ ಅವಳು ಕುಪ್ಪಸದಿಂದ ಬಸ್ ಟಿಕೆಟ್ ತೆಗೆದು ನಾಲ್ಕು ಮಡಿಕೆ ಮಾಡಿದಳು. "ಸುತ್ತ ಇದು ಹೋಗೂವಷ್ಟು ಸಂದು ಇರ್ಲಿ. ದೋಣಿ ಅಲ್ವಲ್ಲ ಇದು." ಶನಿವಾರ ಸಂಜೆ ಬಾಗಿಲನ್ನು ಎತ್ತಿ ನಿಲ್ಲಿಸಿದೆವು. ಅವಳು ಭುಜ ಕೊಟ್ಟಳು, ನಾನು ಸ್ಕ್ರೂ ತಿರುಗಿಸಿದೆ. ಬೆರಳಿನಿಂದ ದೂಡಿದರೆ ಹೋಯಿತು, ಎಳೆದರೆ ಬಂತು. ಅದರ ಮುಂದೆ ನಿಂತು ಚಾ ಕುಡಿದೆವು.

ಭಾನುವಾರ ಅಣ್ಣ ಟೆಂಪೋದಲ್ಲಿ ಫೈಬರ್ ಬಾಗಿಲು ಹೇರಿಕೊಂಡು ಬಂದ. ಒಳಗೆ ಬಂದವನು ನಿಂತಿದ್ದ ಬಾಗಿಲನ್ನು ನೋಡಿ, "ಇದು ತೆರೂದೇ ಇಲ್ಲ, ಸುಮ್ನೆ ಎಂತಕೆ ಹಾಕ್ದೆ?" ಎನ್ನುತ್ತ ಮಳೆಗಾಲದ ರೂಢಿಯಂತೆ ಭುಜ ಕೊಟ್ಟು ಜೋರಾಗಿ ದೂಡಿದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅಣ್ಣ ನೇರ ಹಿತ್ತಲಲ್ಲಿ, ಬಸಳೆ ಚಪ್ಪರದ ಕೆಳಗೆ.

"ಬನ್ನಿ ಬನ್ನಿ, ಕೂತ್ಕೊಳಿ," ಎಂದಳು ನಾದಿನಿ.

ಅವನು ಅಲ್ಲೇ ಕುಳಿತು ನಗತೊಡಗಿದ. ಮೊಣಕೈಯ ಮಣ್ಣು ಒರೆಸಿಕೊಂಡು ಎದ್ದು, ಬಾಗಿಲನ್ನು ಮೂರು ನಾಲ್ಕು ಸಲ ಹಾಕಿ ತೆಗೆದು ನೋಡಿದ. "ಭಾವ ಇದ್ರೆ ಚಾ ಕೇಳ್ತಿದ್ದ," ಎಂದ. ಫೈಬರ್ ಬಾಗಿಲು ಅಂಕೋಲೆಗೆ ವಾಪಸು ಹೋಗಿ ಅವನ ಬಚ್ಚಲುಮನೆಯಲ್ಲಿ ನಿಂತಿದೆ.

ಅರ ಈಗ ಪೆಟ್ಟಿಗೆಯಲ್ಲಿ ಸುತ್ತಿಗೆಯ ಪಕ್ಕ ಇದೆ. ಕೋಳಿ ಈಗ ಹೊರಗೇ ಮೊಟ್ಟೆ ಇಡುತ್ತದೆ. ರಾತ್ರಿ ಬಾಗಿಲನ್ನು ಬಲೆಯ ಹಗ್ಗದಿಂದ ಮೊಳೆಗೆ ಬಿಗಿಯುತ್ತೇನೆ. ಚಿಲಕ ಇನ್ನೂ ಇಲ್ಲ.